ಕಬಿನಿಯೂ ರಾಷ್ಟ್ರೀಯ ಜಲಮಾರ್ಗ: ನದಿ ಹಡಗಿನೊಳಗೆ ಏನೇನಿರುತ್ತೆ, ಅದರ ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತೆ?

ಹಂಪಾಪುರ: ಶನಿವಾರ ಬಂತೆಂದರೆ ಮೈಸೂರು ಕಡೆಯಿಂದ ಬರುವ ಪ್ರವಾಸಿಗರ ಕಾರುಗಳು ಹಂಪಾಪುರ ದಾಟಿ, ಎಚ್.ಡಿ.ಕೋಟೆ ಮಾರ್ಗವಾಗಿ ಕಾರಾಪುರ, ಅಂತರಸಂತೆ ಕಡೆ ಹೋಗುತ್ತವೆ. ಅವರಲ್ಲಿ ಹಲವರು ಹೋಗುವುದೇ ಕಬಿನಿ ಹಿನ್ನೀರಿನಲ್ಲಿ ಬೋಟ್ ಹತ್ತಲು. ಆದರೆ ಇದೇ ಕಬಿನಿ ಸರ್ಕಾರಿ ದಾಖಲೆಯಲ್ಲಿ ಹಡಗು ಓಡಬಹುದಾದ 'ರಾಷ್ಟ್ರೀಯ ಜಲಮಾರ್ಗ' ಎಂಬುದು ತಾಲ್ಲೂಕಿನ ಬಹಳ ಜನಕ್ಕೆ ಗೊತ್ತಿಲ್ಲ.

2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಇದೆ. ಅದರಲ್ಲಿ 51ನೇ ನಂಬರು ಕಬಿನಿ. ಉದ್ದ 23 ಕಿ.ಮೀ. ಒಂದನೇ ನಂಬರು ಗಂಗಾ ನದಿಯದು, 1,620 ಕಿ.ಮೀ. ಪಟ್ಟಿಗೆ ಸೇರಿದ ಮಾತ್ರಕ್ಕೆ ನಾಳೆಯೇ ಹಡಗು ಬರುತ್ತೆ ಅಂತಲ್ಲ. ಆದರೆ ಬಂದರೆ ಹೇಗಿರುತ್ತೆ, ಏನು ಕೇಳಬೇಕು ಎಂಬುದನ್ನು ನದಿ ದಡದವರು ಮೊದಲೇ ತಿಳಿದಿರುವುದು ಒಳ್ಳೆಯದು.

ಐದು ಬಸ್ಸಿನ ಉದ್ದ, ಒಂದು ಬಸ್ಸಿಗಿಂತ ಕಡಿಮೆ ಜನ

ನದಿ ಕ್ರೂಸ್ ಹಡಗು ಅಂದರೆ ಏನು ಅಂತ ನೋಡಲು ನಮ್ಮ ದೇಶದ್ದೇ ಉದಾಹರಣೆ ಇದೆ, ಎಂ.ವಿ. ಗಂಗಾ ವಿಲಾಸ್. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ಇದಕ್ಕೆ ಪ್ರಧಾನಿ ನರೇಂದ್ರ ಮೋದಿ ವಿಡಿಯೋ ಕಾನ್ಫರೆನ್ಸ್ ಮೂಲಕ ಚಾಲನೆ ನೀಡಿದರು. ಬಾಂಗ್ಲಾದೇಶದ ಮೂಲಕ ಹಾದು ಅಸ್ಸಾಮಿನ ದಿಬ್ರೂಗಢದವರೆಗೆ ಸುಮಾರು 3,200 ಕಿ.ಮೀ., 51 ದಿನದ ಪ್ರವಾಸ.

ಹಡಗಿನ ಉದ್ದ 62 ಮೀಟರ್, ಅಗಲ 12 ಮೀಟರ್. ಐದು ಕೆಎಸ್‌ಆರ್‌ಟಿಸಿ ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಮೂರು ಅಂತಸ್ತು. ಇಷ್ಟಿದ್ದರೂ ರೂಮುಗಳು 18 ಮಾತ್ರ, ಪ್ರಯಾಣಿಕರು 36 ಜನ. ಕೋಟೆ ಬಸ್ಸಿನಲ್ಲಿ ಸೀಟು ಸಿಕ್ಕವರೇ ಇದಕ್ಕಿಂತ ಜಾಸ್ತಿ ಇರುತ್ತಾರೆ, ನಿಂತವರ ಲೆಕ್ಕ ಬೇರೆ!

ರೂಮಿನಲ್ಲಿ ಎ.ಸಿ., ಟಿ.ವಿ., ಶವರ್ ಇರುವ ಬಾತ್‌ರೂಮ್, ಬೇಕಾದಂತೆ ಜೋಡಿಸುವ ಮಂಚ, ಹೊಗೆ ಎದ್ದರೆ ಕೂಗುವ ಅಲಾರಂ. ಆದರೆ ರೂಮು ಮಲಗೋದಕ್ಕೆ ಅಷ್ಟೇ. ಹಗಲೆಲ್ಲ ಕಳೆಯುವುದು ಎಲ್ಲರೂ ಹಂಚಿಕೊಳ್ಳುವ ಜಾಗಗಳಲ್ಲಿ. 40 ಸೀಟಿನ ಊಟದ ಹಾಲ್ ಇರುವುದರಿಂದ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ. ಜಿಮ್, ಸ್ಪಾ ಇವೆ. ಮೇಲೆ ಸನ್ ಡೆಕ್ ಇದೆ, ಅಂದರೆ ಕುರ್ಚಿ ಹಾಕಿ ದಡ ನೋಡುತ್ತಾ ಕೂರುವ ತೆರೆದ ಮಹಡಿ. ಸಮುದ್ರದ ಹಡಗಿನಲ್ಲಿ ಸಾವಿರಾರು ಜನ ಇರುವುದರಿಂದ ಥಿಯೇಟರು, ಅಂಗಡಿ ಸಾಲು ಎಲ್ಲ ಬೇಕು. ನದಿ ಹಡಗಿನಲ್ಲಿ ನೋಡುವ ವಸ್ತು ದಡವೇ. ದಿನಾ ಎಲ್ಲೋ ಒಂದು ಕಡೆ ನಿಲ್ಲಿಸಿ ಊರು, ಗುಡಿ ತೋರಿಸುತ್ತಾರೆ. ಸಂಜೆ ಮತ್ತೆ ಅದೇ ಮುಖಗಳು. ಮದುವೆಗೆ ಬಂದ ನೆಂಟರು ಊಟ ಮುಗಿಸಿ ಹೋಗದೆ 51 ದಿನ ಉಳಿದುಕೊಂಡಂಗೆ.

ಟಿಕೆಟ್ ದರ ಒಬ್ಬರಿಗೆ ದಿನಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಟ್ರಿಪ್ಪಿಗೆ ಬಂದಿದ್ದವರು ಸ್ವಿಟ್ಜರ್ಲೆಂಡಿನ 32 ಪ್ರವಾಸಿಗರು.

ಸೌಕರ್ಯ ಜಾಸ್ತಿಯಾದಷ್ಟೂ ಕೊಳಕು ನೀರು ಜಾಸ್ತಿ

ಫೋಟೋಗಳಲ್ಲಿ ಕಾಣದ ಭಾಗ ಹಡಗಿನ ತಳದಲ್ಲಿದೆ. 36 ಪ್ರಯಾಣಿಕರು, ಅವರ ಮೇಲೆ ಸಿಬ್ಬಂದಿ. ಎಲ್ಲರ ಸ್ನಾನ, ಬಟ್ಟೆ, ಅಡುಗೆಮನೆ, ಶೌಚಾಲಯದ ನೀರು ಎಲ್ಲಿಗೋ ಹೋಗಲೇಬೇಕು. ಊರಿನ ಮನೆಗಾದರೆ ಹಿತ್ತಲಲ್ಲಿ ಗುಂಡಿ ತೋಡುತ್ತೇವೆ. ಹಡಗಿಗೆ ಹಿತ್ತಲು ಇಲ್ಲ, ಸುತ್ತ ಇರುವುದೇ ನದಿ.

ಇದಕ್ಕೆ ಎರಡೇ ದಾರಿ. ಕೊಳಕು ನೀರನ್ನೆಲ್ಲ ಟ್ಯಾಂಕಿನಲ್ಲಿ ತುಂಬಿಟ್ಟುಕೊಂಡು ದಡದಲ್ಲಿ ಪಂಪ್ ಮಾಡಿ ಖಾಲಿ ಮಾಡಬೇಕು, ಇಲ್ಲವೇ ಹಡಗಿನಲ್ಲೇ ಶುದ್ಧೀಕರಣ ಘಟಕ ಇರಬೇಕು. ಗಂಗಾ ವಿಲಾಸ್‌ನಲ್ಲಿ ಇಂಥ ಘಟಕ ಇದೆ. ಸ್ನಾನಕ್ಕೆ ಬಳಸುವ ನದಿ ನೀರನ್ನು ಶುದ್ಧ ಮಾಡಲು ಇನ್ನೊಂದು ಘಟಕವೂ ಇದೆ. ಇದರ ಜೊತೆಗೆ ಎಂಜಿನ್ ಕೆಳಗೆ ಎಣ್ಣೆ ಬೆರೆತ ನೀರು ಸೇರಿಕೊಳ್ಳುತ್ತೆ, ಅದನ್ನೂ ಬೇರೆ ಹಿಡಿದಿಡಬೇಕು. ರಾತ್ರಿ ಎ.ಸಿ. ಓಡಬೇಕೆಂದರೆ ಜನರೇಟರ್ ನಿಲ್ಲಿಸುವಂತಿಲ್ಲ.

ಕಬಿನಿ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಬೀಚನಹಳ್ಳಿಯ ಅಣೆಕಟ್ಟಿನಿಂದ ಹೊಳೆಗೆ ಬಿಡುವ ನೀರು ಸರಗೂರು ದಾಟಿ ನಂಜನಗೂಡು ಕಡೆ ಹೋಗುತ್ತೆ. ನಂಜನಗೂಡು ತಾಲ್ಲೂಕಿನ ಬಿದರಗೂಡು ಬಳಿ ಅದನ್ನು ಎತ್ತಿ ಮೈಸೂರಿಗೆ ಕುಡಿಯಲು ಕೊಡುತ್ತಾರೆ. ಮೇಲೆ ಬಿಟ್ಟಿದ್ದು ಕೆಳಗಿನವರ ನಲ್ಲಿಗೇ ಬರೋದು.

ಇಲ್ಲಿ ಅಂಥ ಹಡಗು ಓಡುತ್ತಾ?

ಲೆಕ್ಕ ಹಾಕಿದರೆ ಕಷ್ಟ ಅನ್ನಿಸುತ್ತೆ. ಗಂಟೆಗೆ 12 ಕಿ.ಮೀ. ನಿಧಾನದಲ್ಲಿ ಹೋದರೂ 23 ಕಿ.ಮೀ. ಎರಡು ಗಂಟೆಗೆ ಮುಗಿದುಹೋಗುತ್ತೆ. ಆಮೇಲೆ ವಾಪಸ್ ತಿರುಗಿಸಬೇಕು ಅಷ್ಟೇ.

ಆಳದ ಪ್ರಶ್ನೆ ಇನ್ನೂ ದೊಡ್ಡದು. ಗಂಗಾ ವಿಲಾಸ್ ನೀರಿನೊಳಗೆ ಮುಳುಗುವುದು 1.4 ಮೀಟರ್, ಹತ್ತಿರ ಹತ್ತಿರ ಎದೆಮಟ್ಟ. ಅಷ್ಟಕ್ಕೇ ಗಂಗೆಯಲ್ಲೂ ಪೇಚಾಟ ಇತ್ತು. ಹೊರಟ ಮೂರನೇ ದಿನಕ್ಕೆ ಬಿಹಾರದ ಛಾಪ್ರಾ ಬಳಿ ಹಡಗು ಸಿಕ್ಕಿಹಾಕಿಕೊಂಡಿದೆ ಎಂದು ಸುದ್ದಿಯಾಯಿತು. ಒಳನಾಡು ಜಲಮಾರ್ಗ ಪ್ರಾಧಿಕಾರ ಅದನ್ನು ಅಲ್ಲಗಳೆಯಿತು. ಹಡಗನ್ನು ಆಳದ ನೀರಿನಲ್ಲೇ ನಿಲ್ಲಿಸಿ ಪ್ರವಾಸಿಗರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ದಿದ್ದರು.

ಕಬಿನಿಯ ಗರಿಷ್ಠ ಮಟ್ಟ 2,284 ಅಡಿ. ಮಳೆಗಾಲದಲ್ಲಿ ತುಂಬಿದ್ದು ಬೇಸಿಗೆಗೆ ಹತ್ತಾರು ಅಡಿ ಇಳಿಯುತ್ತೆ. ಆಗ ಹಿನ್ನೀರಿನಲ್ಲಿ ಮುಳುಗಿದ್ದ ಮರದ ಬೊಡ್ಡೆಗಳು ಮೇಲೆದ್ದು ಕಾಣುತ್ತವೆ. ಪೂರ್ತಿ ಕಾಣದೆ ನೀರಿನ ಕೆಳಗೇ ಇರುವ ಬೊಡ್ಡೆ ಹಡಗಿನ ತಳಕ್ಕೆ ಇನ್ನೂ ಅಪಾಯ. ನೀರು ಹಿಂದೆ ಸರಿದ ಮೇಲೆ ಹಡಗುಕಟ್ಟೆಗೂ ನೀರಿಗೂ ನಡುವೆ ಕೆಸರು ಉಳಿಯುತ್ತೆ. ಪ್ರವಾಸಿಗರು ಬರುವುದು ಆ ಬೇಸಿಗೆಯಲ್ಲೇ. ಯಾಕಂದರೆ ಹೊಸ ಹುಲ್ಲಿಗೆ ಆನೆ ಹಿಂಡು ದಡಕ್ಕೆ ಇಳಿಯುವುದು ಆಗಲೇ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ರಾತ್ರಿಯಿಡೀ ಜನರೇಟರ್ ಸದ್ದು, ದೀಪ ಇಟ್ಟುಕೊಂಡ ಹಡಗು ಹುಲಿ ಕಾಡಿನ ನಡುವೆ ನಿಂತರೆ ಆ ಆನೆಗಳೇ ದಡಕ್ಕೆ ಬರಲಿಕ್ಕಿಲ್ಲ.

ಹಾಗಾಗಿ ಇಲ್ಲಿಗೆ ಸದ್ಯ ಹೊಂದುವುದು ಎರಡು–ಮೂರು ಗಂಟೆಯ ಸಣ್ಣ ಬೋಟುಗಳೇ. ಅವುಗಳಲ್ಲಿ ಸ್ಪಾ ಬೇಡ. ತಲೆ ಮೇಲೆ ನೆರಳು, ಪ್ರತಿಯೊಬ್ಬರಿಗೂ ಸರಿಯಾದ ಅಳತೆಯ ಲೈಫ್ ಜಾಕೆಟ್, ಮಕ್ಕಳಿಗೆ ಬೇರೆ ಸೈಜು ಇದ್ದರೆ ಸಾಕು. ಹತ್ತುವ ಜಾಗದಲ್ಲಿ, ಅಂದರೆ ದಡದಲ್ಲೇ, ಹೆಂಗಸರಿಗೆ ನೀರಿರುವ ಶೌಚಾಲಯ ಬೇಕು. ಬೋಟ್ ಹತ್ತುವ ದಿನ ಬೆಳಗ್ಗೆಯಿಂದ ನೀರೇ ಕುಡಿಯದೆ ಬರುವ ಹೆಂಗಸರ ಕಷ್ಟ ಯಾವ ಬ್ರೋಷರಿನಲ್ಲೂ ಬರಲ್ಲ.

ನದಿ, ಹಿನ್ನೀರಿನಲ್ಲಿ ಓಡುವ ಯಂತ್ರಚಾಲಿತ ಬೋಟುಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. 1917ರ ಹಳೇ ಕಾಯ್ದೆಯ ಬದಲಿಗೆ ಬಂದಿದ್ದು. ಬೋಟಿನ ನೋಂದಣಿ, ಸರ್ವೆ, ಸುರಕ್ಷತೆಯ ಜೊತೆಗೆ ನೀರು ಮಲಿನ ಮಾಡಬಾರದು ಎಂಬುದೂ ಅದರಲ್ಲಿ ಸೇರಿದೆ. ಕಬಿನಿಗೆ ದೊಡ್ಡ ಬೋಟ್ ತರುತ್ತೇವೆ ಅಂತ ಯಾರಾದರೂ ಗ್ರಾಮಸಭೆಗೆ ಬಂದರೆ, ರೂಮು ಎಷ್ಟು ಅಂತ ಕೇಳುವ ಮೊದಲು ಟ್ಯಾಂಕು ಎಷ್ಟು ದೊಡ್ಡದು, ಅದನ್ನು ಎಲ್ಲಿ ಖಾಲಿ ಮಾಡುತ್ತೀರಿ ಅಂತ ಕೇಳಬಹುದು.