ನೊಗಕ್ಕೆ ಸರಿಜೋಡಿ

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಒಂಟಿ ಎತ್ತಿಗೆ ಜೋಡಿ ಹುಡುಕುವ ರೈತನಿಗೆ ಹಲ್ಲು, ಸುಳಿ ನೋಡಿದರಷ್ಟೇ ಸಾಲದು. ಮನೆಯಲ್ಲಿರುವ ಎತ್ತಿನ ಭುಜಕ್ಕೆ ಇದರ ಭುಜ ಸಮ ಬರುತ್ತದೆಯೇ ಎಂಬುದು ಮೊದಲ ಲೆಕ್ಕ. ನಡೆ ಹೊಂದುತ್ತದೆಯೇ ಎಂಬುದು ಎರಡನೆಯದು. ಮಟ್ಟ ತಪ್ಪಿದರೆ ನೊಗ ವಾಲುತ್ತದೆ. ನಡೆ ತಪ್ಪಿದರೆ ಒಂದು ಎಳೆಯುತ್ತದೆ, ಇನ್ನೊಂದು ಎಳೆಸಿಕೊಳ್ಳುತ್ತದೆ.

ಹಳೆ ಎಂಜಿನ್‌ಗೆ ಬೇರೆ ಗಾಡಿಯ ಗೇರ್‌ಬಾಕ್ಸ್ ಕೂಡಿಸಲು ಹೊರಟವನಿಗೂ ಇವೇ ಎರಡು ಲೆಕ್ಕ.

ಈ ಕೆಲಸ ನಮ್ಮ ಸೀಮೆಗೆ ಬಂದದ್ದು ಜೀಪಿನ ಜೊತೆ. ಮಹೀಂದ್ರಾ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ತರಲು ಶುರುಮಾಡಿತು. ಸಿಜೆ-3ಬಿ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ 2,199 ಸಿಸಿಯದು. ಹಿಂದೆ ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ. ಸಕಲೇಶಪುರದ ಕಾಫಿ ತೋಟದ ಕೆಸರಿಗೆ, ಅರಕಲಗೂಡಿನ ಆಲೂಗಡ್ಡೆ ಮೂಟೆಗೆ ಅದು ಹೇಳಿ ಮಾಡಿಸಿದ ಗಾಡಿ. ಆದರೆ ಪೆಟ್ರೋಲು ಕುಡಿಯುವುದರಲ್ಲಿ ಎತ್ತಿದ ಕೈ. ಹಾಗಾಗಿ ಟ್ರ್ಯಾಕ್ಟರಿನ, ಮೆಟಡೋರಿನ, ಪ್ಯೂಜೋದ ಡೀಸೆಲ್ ಎಂಜಿನ್‌ಗಳು ಜೀಪಿನ ಬಾನೆಟ್ ಅಡಿ ಸೇರಿದವು. ಗೇರ್‌ಬಾಕ್ಸ್ ಮಾತ್ರ ಉಳಿಯಿತು. ಅದರ ಬೆನ್ನಿಗೆ ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಡಬ್ಬ ಅಂಟಿಕೊಂಡಿರುತ್ತದೆ. ಒಂದನ್ನು ಬದಲಿಸಲು ಹೋದರೆ ಎಲ್ಲವನ್ನೂ ಬದಲಿಸಬೇಕು.

ಈಗ ಮೊದಲ ಲೆಕ್ಕ, ಮಟ್ಟದ್ದು. ಎಂಜಿನ್ನಿನ ಬೋಲ್ಟ್ ತೂತುಗಳು ಗೇರ್‌ಬಾಕ್ಸಿನ ಮುಂದಿರುವ ಬೆಲ್ ಹೌಸಿಂಗಿನ ತೂತುಗಳಿಗೆ ಕೂಡುವುದಿಲ್ಲ. ನಡುವೆ ದಪ್ಪ ತಗಡಿನ ಅಡಾಪ್ಟರ್ ಪ್ಲೇಟ್ ಬೇಕು. ತೂತು ಕೊರೆಯುವುದು ಯಾರಿಗಾದರೂ ಬರುತ್ತದೆ, ಕೇಂದ್ರ ಹಿಡಿಯುವುದು ಕಷ್ಟ. ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಮೂಗು ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗ್‌ನಲ್ಲಿ ಕೂರುತ್ತದೆ. ಎರಡರ ಕೇಂದ್ರವೂ ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜಿನ ಮುಳ್ಳು ಒಂದು ಸುತ್ತಿಗೆ 5 ಥೌ, ಅಂದರೆ ಸುಮಾರು 0.13 ಮಿ.ಮೀ. ದಾಟಬಾರದು. ದಾಟಿದರೆ ಕ್ಲಚ್ ಅದುರುತ್ತದೆ, ಗೇರ್ ತಾನೇ ಜಾರುತ್ತದೆ, ಕೊನೆಗೆ ಬೇರಿಂಗ್ ಹೋಗುತ್ತದೆ. ಪ್ಲೇಟಿನ ದಪ್ಪಕ್ಕೂ ಲೆಕ್ಕವಿದೆ. ಹೆಚ್ಚಾದರೆ ಮೂಗು ಬೇರಿಂಗನ್ನು ಮುಟ್ಟುವುದಿಲ್ಲ, ಕಡಿಮೆಯಾದರೆ ಕ್ರ್ಯಾಂಕನ್ನೇ ಒತ್ತುತ್ತದೆ. ಕ್ಲಚ್ ಪ್ಲೇಟಿನದು ಇಬ್ಬರ ಋಣ: ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿಗೆ, ಹೊರಗಿನ ಅಗಲ ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು.

ಇಷ್ಟು ಮಾಡಿದವರೂ ಎಡವುವುದು ಎರಡನೇ ಲೆಕ್ಕದಲ್ಲಿ. ಜೀಪಿನ ಆಕ್ಸಲ್‌ನೊಳಗಿನ ಕ್ರೌನ್-ಪಿನಿಯನ್ ಅನುಪಾತ 5.38. ಎಂಜಿನ್ 5.38 ಸುತ್ತು ತಿರುಗಿದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು. ಟೈರಿನ ಸುತ್ತಳತೆ ಸುಮಾರು 2.25 ಮೀಟರ್ ಎಂದುಕೊಳ್ಳಿ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತಿನಲ್ಲಿ ಗಂಟೆಗೆ 100 ಕಿ.ಮೀ. ತಲುಪುತ್ತದೆ. ಟ್ರ್ಯಾಕ್ಟರಿನ ಎಂಜಿನ್ ಹೊಲದಲ್ಲಿ ಕೆಲಸ ಮಾಡುವುದು 2,000 ಸುತ್ತಿನ ಆಸುಪಾಸು. ಅಲ್ಲಿಗೆ 50 ಕಿ.ಮೀ.ಗೇ ಮುಗಿಯಿತು. ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ನೇರ ರಸ್ತೆಯಲ್ಲೂ ಎಂಜಿನ್ ಕಿರುಚುತ್ತಿರುತ್ತದೆ, ಬೈಕುಗಳು ಹಿಂದೆ ಹಾಕಿ ಹೋಗುತ್ತಿರುತ್ತವೆ. ಇದಕ್ಕೆ ಮದ್ದು ಎರಡು. ಕ್ರೌನ್-ಪಿನಿಯನ್ ಬದಲಿಸುವುದು, ಇಲ್ಲವೇ ಓವರ್‌ಡ್ರೈವ್ ಇರುವ ಐದು ಗೇರಿನ ಪೆಟ್ಟಿಗೆ ಹಾಕುವುದು. ಐದನೇ ಗೇರ್ 0.8 ಇದ್ದರೆ ಅದೇ 2,000 ಸುತ್ತಿಗೆ ಸುಮಾರು 63 ಕಿ.ಮೀ. ಸಿಗುತ್ತದೆ.

ಜೋಡಿ ಕೂಡಿಸುವುದು ಗ್ಯಾರೇಜಿನವರ ಚಾಳಿ ಮಾತ್ರವೆಂದು ಯಾರೂ ಮೂಗು ಮುರಿಯಬೇಕಿಲ್ಲ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್‌ಇ ಕಾರಿನ ಮೈ ಫಿಯಟ್‌ನದು, ಎಂಜಿನ್ ನಿಸ್ಸಾನಿನದು. ಬ್ರಿಟನ್ನಿನ ವಿನ್ಯಾಸದ ಅಂಬಾಸಿಡರ್‌ಗೆ ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್, ಐದು ಗೇರು ಬಂದವು. ಕಂಪನಿಯವರೂ ಹೀಗೆ ಜೋಡಿಸಿದವರೇ, ಆದರೆ ಅವರಿಗೆ ಪರೀಕ್ಷೆಯ ಯಂತ್ರಗಳೂ ಪರವಾನಗಿಯೂ ಇದ್ದವು.

ಪರವಾನಗಿಯ ಮಾತು ಹಗುರದ್ದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಮಾಡಿತು. ಆರ್‌ಸಿಯಲ್ಲಿ ಬರೆದ ಎಂಜಿನ್ ನಂಬರೇ ಬೇರೆ, ಬಾನೆಟ್ ಅಡಿ ಇರುವುದೇ ಬೇರೆ ಎಂದಾದರೆ ಎಫ್‌ಸಿಗೂ ವಿಮೆಗೂ ತೊಡಕು. ಲೇತ್ ಅಂಗಡಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬರಬೇಕು.

ಎಲ್ಲ ಕೂಡಿಸಿದ ಮೇಲಿನ ಪರೀಕ್ಷೆ ಮಾತ್ರ ಸರಳ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ. ಗೇರ್ ರಾಡಿನ ಮೇಲೆ ಅಂಗೈ ಇಟ್ಟು ಕ್ಲಚ್ಚನ್ನು ಮೆಲ್ಲಗೆ ಒತ್ತಿ, ಬಿಡಿ. ರಾಡು ನಡುಗಿದರೆ ಗೇರ್‌ಬಾಕ್ಸ್ ಕೆಳಗಿಳಿಸಿ ಮತ್ತೆ ಅಳತೆ ಹಿಡಿಯಿರಿ. ಸುಮ್ಮನಿದ್ದರೆ ಮೂಟೆ ಹೇರಿ, ಅರಕಲಗೂಡಿನ ತನಕ ಒಂದು ಸುತ್ತು ಹೋಗಿಬನ್ನಿ. ನಡೆ ಗೊತ್ತಾಗುವುದು ಭಾರ ಬಿದ್ದ ಮೇಲೆ.