ಚಳಿಯ ಸುದ್ದಿ ಮೆದುಳಿಗೆ ಮುಟ್ಟುವ ಬಗೆ

ಡಿಸೆಂಬರಿನ ನಸುಕಿನಲ್ಲಿ ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದರೆ, ಮುಂಡರಗಿ, ಶಿರಹಟ್ಟಿಗಳಲ್ಲಿ ಗದಗಿನ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು ಬಗಲಲ್ಲಿ ಕೈ ಇಟ್ಟುಕೊಂಡು ನಡುಗುತ್ತಾರೆ. ಸಂಜೆ ಬೆಟಗೇರಿಯಲ್ಲಿ ಬಿಸಿ ಮಿರ್ಚಿ ಕಚ್ಚಿದವರು ಬಾಯಿ ಸುಟ್ಟಿತೆನ್ನುತ್ತಾರೆ. ಆರಿದ ಮಿರ್ಚಿ ತಿಂದರೂ ಹಾಗೆಯೇ ಅನ್ನುತ್ತಾರೆ! ಇದೇಕೆ?

ಚರ್ಮ ಹಾಗೂ ನಾಲಿಗೆಯ ನರತುದಿಗಳಲ್ಲಿ ಪ್ರೋಟೀನಿನಿಂದಾದ ಸೂಕ್ಷ್ಮ ಬಾಗಿಲುಗಳಿವೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಗುರುತಿಸಿದ ಬಾಗಿಲೊಂದು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ತೆರೆಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ತೆರೆಯುತ್ತದೆ. ಬೆಂಕಿಯಿರಲಿ ಖಾರವಿರಲಿ, ಹೋಗುವ ಸುದ್ದಿ ಒಂದೇ. ತಂಪನ್ನರಿಯುವ ಬಾಗಿಲು 2002ರಲ್ಲಿ ತಿಳಿದುಬಂದಿತು. ಪೆಪ್ಪರ್‌ಮಿಂಟ್ ಬಾಯಿಗೆ ತಂಪೆನಿಸುವುದು ಅದರಿಂದ.

ಬಾಗಿಲು ತೆರೆದಾಗ ವಿದ್ಯುತ್ ಸಂಕೇತವೊಂದು ಹುಟ್ಟಿ ನರದ ಮೂಲಕ ಬೆನ್ನುಹುರಿಗೆ ಓಡುತ್ತದೆ. ಅಲ್ಲಿ ಒಂದು ನರಕೋಶಕ್ಕೂ ಮುಂದಿನದಕ್ಕೂ ನಡುವೆ ಕಿರಿದಾದ ಸಂದು. ವಿದ್ಯುತ್ತು ಅದನ್ನು ಹಾರಲಾರದು. ಆಗ ಮೊದಲ ಕೋಶವು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಆಚೆಯ ಕೋಶದ ಮೇಲಿರುವ ಗ್ಲುಟಮೇಟ್ ಗ್ರಾಹಿಗಳು ಅದನ್ನು ಹಿಡಿದುಕೊಂಡ ಕೂಡಲೇ ಸೋಡಿಯಂ ಅಯಾನುಗಳು ಒಳನುಗ್ಗಿ ಸಂಕೇತ ಮತ್ತೆ ಜೀವ ತಳೆಯುತ್ತದೆ. ಒಂದು ದಾರಿ ಥಲಾಮಸ್ ಮೂಲಕ ಮೆದುಳಿನ ಹೊರಪದರ ಸೇರಿ 'ಚಳಿ' ಎಂಬ ಅರಿವಾಗುತ್ತದೆ. ಇನ್ನೊಂದು ಮೆದುಳುಕಾಂಡದಿಂದ ಹೈಪೊಥಲಾಮಸ್ ಕಡೆಗೆ ಹೋಗಿ ನಡುಕ ತರಿಸುತ್ತದೆ. ಅಲ್ಲಿಯೂ ಸುದ್ದಿ ಒಯ್ಯುವುದು ಗ್ಲುಟಮೇಟೇ.

ಈ ಸರಪಳಿಯ ಮೊದಲ ಕೊಂಡಿ ಕಡಿದರೆ? ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸಣ್ಣ ನರಗಳು ಹಾಳಾಗಬಹುದು. ನೀರು ಕುದಿಯುವಂತಿದ್ದರೂ ಕಾಲು ಸುಮ್ಮನಿರುತ್ತದೆ. ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಗೊತ್ತಾಗುತ್ತದೆ. ಅಂಥ ಹಿರಿಯರು ಸ್ನಾನಕ್ಕಿಳಿಯುವ ಮೊದಲು ನೀರನ್ನು ಮನೆಯ ಬೇರೊಬ್ಬರು ಮುಟ್ಟಿ ನೋಡಬೇಕೆನ್ನುವುದು ಇದಕ್ಕಾಗಿ. ಕುಷ್ಠರೋಗದ ಮಚ್ಚೆಯಲ್ಲಿಯೂ ಬಿಸಿ-ತಂಪುಗಳ ಅರಿವು ಬೇಗ ಮಾಯವಾಗುತ್ತದೆ.

ಗ್ಲುಟಮೇಟ್ ಗ್ರಾಹಿಗಳ ಕೆಲಸ ಸಂದು ದಾಟಿಸುವುದಷ್ಟೇ ಎಂದು ಬಹಳ ಕಾಲ ತಿಳಿಯಲಾಗಿತ್ತು. 2019ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ತಂಡಕ್ಕೆ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಬೇರೊಂದು ಸಂಗತಿ ಕಂಡಿತು: ಅಂಥದೇ ಒಂದು ಗ್ರಾಹಿ ಗ್ಲುಟಮೇಟಿನ ಹಂಗಿಲ್ಲದೆ ನೇರವಾಗಿ ಚಳಿಯನ್ನರಿಯುತ್ತಿತ್ತು. ಸಸ್ತನಿಗಳಲ್ಲಿ ಅದಕ್ಕೆ ಸರಿಸಾಟಿಯಾದದ್ದು ಗ್ಲುಕೆ2. ಮೆದುಳಿನಲ್ಲಿ ಅದು ರಾಸಾಯನಿಕ ಸಂಕೇತವನ್ನು ಹಿಡಿಯುತ್ತದೆ. ಚರ್ಮದ ನರದಲ್ಲಿ ಚಳಿಯನ್ನೇ ಹಿಡಿಯುತ್ತದೆ. ಈ ಗ್ರಾಹಿಯಿಲ್ಲದ ಇಲಿಗಳು ಬಿಸಿಗೂ ಬೆಚ್ಚಗಿನದಕ್ಕೂ ನಸುತಂಪಿಗೂ ಎಂದಿನಂತೆ ಸ್ಪಂದಿಸಿದವು, ಕೊರೆಯುವ ಚಳಿಗೆ ಮಾತ್ರ ಸ್ಪಂದಿಸಲಿಲ್ಲವೆಂದು 2024ರಲ್ಲಿ ಅದೇ ವಿಶ್ವವಿದ್ಯಾಲಯದವರು ಪ್ರಕಟಿಸಿದರು.