ಮಖರದ ಕೆಲಸ, ಮಕ್ಕಳ ಕೈ

2018ರಲ್ಲಿ ಮಹಾರಾಷ್ಟ್ರ ಸರಕಾರವು ಥರ್ಮಾಕೋಲಿನ ಅಲಂಕಾರವನ್ನು ನಿಷೇಧಿಸಿದ ಮೇಲೆ, ದಹಿಸರದ ಹಲವು ಮನೆಗಳಲ್ಲಿ ಗಣೇಶನ ಮಖರವು ಪ್ಲೈವುಡ್ಡಿನಿಂದ ಸಿದ್ಧವಾಗತೊಡಗಿತು. ಕತ್ತರಿ, ಅಂಟುಗಳಿಂದ ಮುಗಿಯುತ್ತಿದ್ದ ಕೆಲಸಕ್ಕೆ ವಿದ್ಯುತ್ ಡ್ರಿಲ್ ಬಂದಿತು. ತಂದೆ ರಂಧ್ರ ಕೊರೆಯುವಾಗ ಹನ್ನೆರಡರ ಮಗು “ನನಗೂ ಕೊಡಿ” ಎನ್ನುವುದು ಸಹಜ. ಗದರಿಸಿ ಅಟ್ಟಿದರೆ, ಹಿರಿಯರಿಲ್ಲದ ಮಧ್ಯಾಹ್ನ ಅದೇ ಮಗು ಕಪಾಟನ್ನು ತೆರೆದೀತು.

ಎಳೆಯರನ್ನು ಅಪಾಯಕಾರಿ ಯಂತ್ರದ ಮುಂದೆ ನಿಲ್ಲಿಸುವ ಮೊದಲು ಅಪಾಯವನ್ನು ಪೂರ್ಣವಾಗಿ ತಿಳಿಸಬೇಕು, ಸಾಕಷ್ಟು ತರಬೇತಿಯನ್ನಾಗಲಿ ಬಲ್ಲವರ ಮೇಲ್ವಿಚಾರಣೆಯನ್ನಾಗಲಿ ಒದಗಿಸಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 23ನೆಯ ಕಲಮು ವಿಧಿಸಿತ್ತು. ಮನೆಯಲ್ಲಿ ಈ ಎರಡೂ ಬೇಕು.

ಕೈಗವಸು ತೊಟ್ಟರೆ ಕ್ಷೇಮವೆಂಬುದು ಬಹುಜನರ ಭಾವನೆ. ತಿರುಗುವ ಡ್ರಿಲ್ಲಿನ ವಿಷಯದಲ್ಲಿ ಅದು ತಪ್ಪು. ಗವಸಿನ ಎಳೆಯೊಂದು ಬಿಟ್ಟಿಗೆ ಸುತ್ತಿಕೊಂಡರೆ ಬೆರಳನ್ನೂ ಎಳೆದೊಯ್ಯುತ್ತದೆ. ಜಡೆ, ದುಪಟ್ಟಾ, ಸಡಿಲ ತೋಳುಗಳಿಗೂ ಇದೇ ಮಾತು. (ಆ ದಿನಗಳಲ್ಲಿ ಮಕ್ಕಳ ಕೈಯಿಂದ ರಾಖಿ ಬಿಚ್ಚಿಸುವುದು ಕಷ್ಟ, ಆದರೂ ಬಿಚ್ಚಿಸಬೇಕು.) ಹಲಗೆಯನ್ನು ಮಗುವಿನ ಕೈಯಲ್ಲಿ ಹಿಡಿಸದೆ ಕ್ಲ್ಯಾಂಪಿನಿಂದ ಮೇಜಿಗೆ ಬಿಗಿಯಬೇಕು, ಬಿಟ್ ಸಿಕ್ಕಿಕೊಂಡಾಗ ಹಲಗೆಯೇ ಗಿರ್ರನೆ ತಿರುಗಿಬಿಡುತ್ತದೆ. ಬಿಟ್ ಬದಲಾಯಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಳಚಬೇಕು. ರಕ್ಷಣಾ ಕನ್ನಡಕವು ಕೊರೆಯುವವರಿಗಷ್ಟೇ ಅಲ್ಲ, ಪಕ್ಕದಲ್ಲಿ ನೋಡುವವರಿಗೂ ಅವಶ್ಯ. ಡ್ರಿಲ್ಲಿಗೆ ಸಾವಿರಾರು ರೂಪಾಯಿ ತೆತ್ತವರು ಕನ್ನಡಕಕ್ಕೆ ಚೌಕಾಸಿ ಮಾಡುವುದು ವಿಚಿತ್ರ ಜಮಾಖರ್ಚು!

ಗ್ರೈಂಡರ್, ವೃತ್ತಾಕಾರದ ಗರಗಸಗಳು ಮಕ್ಕಳ ಕೈಗೆ ಬೇಡವೇ ಬೇಡ. ಡ್ರಿಲ್ಲಿನ ಮೊದಲ ರಂಧ್ರವನ್ನು ಮಗು ಹಾಳು ಹಲಗೆಯ ಮೇಲೆ, ನಿಧಾನ ವೇಗದಲ್ಲಿ, ತಂದೆಯೋ ತಾಯಿಯೋ ಸ್ವಿಚ್ಚಿನ ಬಳಿ ನಿಂತಿರುವಾಗ ಕೊರೆಯಲಿ.